ಗಾಜಿನೊಳಗಿನ ಇಂಟರ್‌ಕಾಮ್ ಮತ್ತು ನಮ್ಮ ದಫೇದಾರರು

ಕಡೂರಿನ ನಮ್ಮ ಹಳೆಯ ಆಫೀಸಿನಲ್ಲಿ ಮೂಲೆಯ ಒಂದು ಕೋಣೆಯನ್ನು ಮ್ಯೂಸಿಯಂ ಎಂದು ಕರೆಯುತ್ತಾರೆ. ಸೇರು, ಬಳ್ಳ, ಕೊಳಗ, ತುಕ್ಕು ಹಿಡಿದ ತಕ್ಕಡಿ, ಮೂರೇ ಕಾಲಿನ ಒಂದು ಮೇಜು. ಇವುಗಳ ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಒಂದು ಇಂಟರ್‌ಕಾಮ್. ದಂತದ ಬಣ್ಣದ ಡಬ್ಬ, ಮೂರು ಗುಂಡಿ, ಒಂದು ಕೆಂಪು ದೀಪ, ಮುಂದೆ ಜರಡಿಯಂಥ ಬಾಯಿ. ನೋಡಲು ಬಂದವರು ಹಳೇ ರೇಡಿಯೋ ಎಂದುಕೊಂಡು ಮುಂದೆ ಹೋಗುತ್ತಾರೆ. ನನಗೆ ಅದನ್ನು ಕಂಡರೆ ನಗು ಬರುತ್ತದೆ, ಹಿಂದೆಯೇ ನಮ್ಮ ದಫೇದಾರರು ನೆನಪಾಗುತ್ತಾರೆ.

ಅವರು ನಿಜವಾಗಿ ದಫೇದಾರರಲ್ಲ. ಒಂದು ಕಾಲಕ್ಕೆ ಅಮಲ್ದಾರ್ ಕಚೇರಿಯಲ್ಲಿ ಬಿಲ್ಲೆ ಕಟ್ಟಿಕೊಂಡು ಓಡಾಡಿ, ಆಮೇಲೆ ನಮ್ಮ ಸಂಘಕ್ಕೆ ಜವಾನರಾಗಿ ಬಂದವರು. ಬಿಲ್ಲೆಯನ್ನು ಅಲ್ಲೇ ಒಪ್ಪಿಸಿ ಬಂದರು, ಹೆಸರು ಮಾತ್ರ ಬೆನ್ನು ಬಿಡಲಿಲ್ಲ. ನಮ್ಮದು ಸುತ್ತಲಿನ ರೈತರ ಕೊಬ್ಬರಿ, ಎಳ್ಳು, ಈರುಳ್ಳಿ ಕೊಂಡು ಮಾರುವ ಸಹಕಾರ ಸಂಘ. ತರೀಕೆರೆಯಲ್ಲಿ ಒಂದು, ಅಜ್ಜಂಪುರದಲ್ಲಿ ಒಂದು ಮಳಿಗೆ. ಎಪ್ಪತ್ತರ ದಶಕದಲ್ಲಿ ನಾನು ಅಲ್ಲಿ ಟೈಪಿಸ್ಟ್ ಆಗಿ ಸೇರಿದಾಗ ಇಡೀ ಆಫೀಸಿಗೆ ನಾನೊಬ್ಬಳೇ ಹೆಂಗಸು. ಶಿವನಿಯಿಂದ ದಿನಾ ಪ್ಯಾಸೆಂಜರ್ ರೈಲಿನಲ್ಲಿ ಬರುತ್ತಿದ್ದೆ. ನನ್ನನ್ನು ಎಲ್ಲಿ ಕೂರಿಸಬೇಕು ಎಂದು ಯಾರಿಗೂ ತಿಳಿಯದೆ, ಕೊನೆಗೆ ಪಡಸಾಲೆಯ ನಡುಮಧ್ಯೆ ಮೇಜು ಹಾಕಿಕೊಟ್ಟರು. ಪಡಸಾಲೆಯ ಒಂದು ತುದಿಗೆ ಕಾರ್ಯದರ್ಶಿಗಳ ಕೋಣೆ, ಇನ್ನೊಂದು ತುದಿಗೆ ಹೆಡ್ ಗುಮಾಸ್ತರ ಕೋಣೆ. ಎರಡೂ ಕೋಣೆಯ ಮಾತು ನನಗೆ ಕೇಳುತ್ತಿತ್ತು. ಆ ಕೋಣೆಯದು ಈ ಕೋಣೆಗೆ ಕೇಳುತ್ತಿರಲಿಲ್ಲ. ಆ ಮಾತುಗಳನ್ನು ಹೊತ್ತು ತರುವುದೇ ದಫೇದಾರರ ಕೆಲಸ.

ಕಾರ್ಯದರ್ಶಿಗಳು ಕೆಟ್ಟವರಲ್ಲ, ಆದರೆ ಅವರ ಬಾಯಿಗೆ ಬಾಗಿಲಿರಲಿಲ್ಲ. ನಾನು ಸೇರಿದ ಮೊದಲ ವಾರದಲ್ಲೇ ಒಂದು ಬೆಳಿಗ್ಗೆ ಅವರು ದಫೇದಾರರನ್ನು ಕರೆದು, ಆ ಹೆಡ್ ಗುಮಾಸ್ತ ಬದುಕಿದಾನೋ ಸತ್ತಿದಾನೋ ಕೇಳಿ ಬಾ, ಅಜ್ಜಂಪುರದ ಕಡತ ಎಲ್ಲಿ ಹೂತಿಟ್ಟಿದಾನೆ ಅದನ್ನೂ ಕೇಳು ಎಂದು ಕೂಗಿದರು. ದಫೇದಾರರು ಆಗಲಿ ಎಂದು ಹೊರಟರು. ನನ್ನ ಮೇಜಿನ ಪಕ್ಕದ ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು ನಿಧಾನವಾಗಿ ಕುಡಿದರು. ಆಮೇಲೆ ಆ ಕೋಣೆಗೆ ಹೋಗಿ, "ಸಾಹೇಬ್ರು ತಮ್ಮ ಆರೋಗ್ಯ ವಿಚಾರಿಸಿದ್ರು. ಹಂಗೇ ಅಜ್ಜಂಪುರದ ಕಡತಾನೂ ಒಂದ್ಸಲ ನೋಡ್ಬೇಕು ಅಂದ್ರು" ಎಂದರು.

ಹೆಡ್ ಗುಮಾಸ್ತರು ಅಜ್ಜಂಪುರದ ಕಡೆಯವರು, ವಿಭೂತಿ ಹಚ್ಚದೆ ಮನೆ ಬಿಡದವರು, ಬಹಳ ಮಾನಸ್ಥರು. ಅವರು ಕನ್ನಡಕ ತೆಗೆದು, ನಿನ್ನೆ ಸ್ವಲ್ಪ ಸೊಂಟ ಹಿಡಿದಿತ್ತು, ಈಗ ವಾಸಿ ಎಂದು ಹೇಳಿ ಎಂದರು. ಕಡತ ಸೋಮವಾರದಿಂದ ಅವರ ಮೇಜಿನ ಮೇಲೇ ಬಿದ್ದಿದೆ, ಕಣ್ಣಿದ್ದರೆ ಕಾಣುತ್ತದೆ ಎಂದೂ ಸೇರಿಸಿದರು. ದಫೇದಾರರು ಮತ್ತೆ ಹೂಜಿಯ ಹತ್ತಿರ ನಿಂತು ನೀರು ಕುಡಿದರು. ಕಾರ್ಯದರ್ಶಿಗಳಿಗೆ ತಲುಪಿದ ಉತ್ತರ ಹೀಗಿತ್ತು: ತಮಗೆ ತೊಂದರೆ ಆಗಬಾರದು ಅಂತ ಸೋಮವಾರವೇ ಮೇಜಿನ ಮೇಲೆ ತಂದು ಇಟ್ಟಿದ್ದಾರಂತೆ.

ಎರಡು ತಿಂಗಳು ಇದನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಇದು ಸುಳ್ಳು ಹೇಳಿದ ಹಾಗಲ್ಲವೇ ಎಂದು ಕೇಳಿಯೇಬಿಟ್ಟೆ. ಅವರಿಗೆ ಬೇಸರವಾಗಲಿಲ್ಲ.

"ಸುಳ್ಳೆಲ್ಲಿ ಬಂತು ಕಣಮ್ಮ. ಬದುಕಿದಾನೋ ಸತ್ತಿದಾನೋ ಅಂತ ಕೇಳಿದ್ರು. ಆರೋಗ್ಯ ವಿಚಾರಿಸೋದು ಅಂದ್ರೆ ಇನ್ನೇನು?"

ಅವರ ತಂದೆ ಎಮ್ಮೆದೊಡ್ಡಿ ಕಾವಲಿನಲ್ಲಿ ಅಮೃತಮಹಲ್ ದನ ಕಾಯುತ್ತಿದ್ದವರಂತೆ. ಕೋಲೆತ್ತಿದವನ ಮೇಲೆ ಹಾಯುವ ಜಾತಿ ಅದು. ಹೆಸರು ಹಿಡಿದು ಮೆಲ್ಲಗೆ ಕೂಗಿದರೆ ಅರ್ಧ ಮೈಲಿಯಿಂದ ನಡೆದು ಬರುತ್ತದೆ. ಗುಮಾಸ್ತರೂ ಅದೇ ಜಾತಿ ಎಂಬುದು ದಫೇದಾರರ ನಂಬಿಕೆ. ಮಾತಿನ ವಿಷಯದಲ್ಲಿ ಇಷ್ಟು ಸ್ವಾತಂತ್ರ್ಯ ವಹಿಸುತ್ತಿದ್ದವರು ಕಾಗದದ ವಿಷಯದಲ್ಲಿ ಮಾತ್ರ ಅತಿ ಕಟ್ಟುನಿಟ್ಟು. ಕೈಗೆ ಕೊಟ್ಟ ಕಾಗದವನ್ನು ಮಡಿಸುತ್ತಿರಲಿಲ್ಲ, ಓದುತ್ತಿರಲಿಲ್ಲ, ಒಂದು ಗಳಿಗೆ ತಡ ಮಾಡುತ್ತಿರಲಿಲ್ಲ. ಬಾಯಿಮಾತು ಹೊತ್ತವನದು, ಕಾಗದ ಬರೆದವನದು ಎನ್ನುತ್ತಿದ್ದರು.

ಹೀಗೆ ಆರು ವರ್ಷ ನಡೆಯಿತು. ಆಮೇಲೆ ಇಂಟರ್‌ಕಾಮ್ ಬಂತು.

ನಮ್ಮ ಸಂಘದ ಅಧ್ಯಕ್ಷರು ತರೀಕೆರೆಯ ದೊಡ್ಡ ಕುಳ. ಬೆಂಗಳೂರಿನ ಯಾವುದೋ ಆಫೀಸಿನಲ್ಲಿ ಒಬ್ಬ ಸಾಹೇಬ ಕುರ್ಚಿಯಿಂದ ಏಳದೆ ಹತ್ತು ಜನರನ್ನು ಓಡಾಡಿಸಿದ್ದನ್ನು ನೋಡಿ ಮನಸೋತು ಬಂದಿದ್ದರು. ಭದ್ರಾವತಿಯಿಂದ ಮೆಕ್ಯಾನಿಕ್ ಬಂದು ಗೋಡೆಯುದ್ದಕ್ಕೂ ತಂತಿ ಎಳೆದ. ದೊಡ್ಡ ಡಬ್ಬ ಕಾರ್ಯದರ್ಶಿಗಳ ಮೇಜಿಗೆ. ಹೆಡ್ ಗುಮಾಸ್ತರಿಗೆ, ನನಗೆ, ಹಿಂದಿನ ಗೋಡೌನಿಗೆ ಒಂದೊಂದು ಸಣ್ಣ ಡಬ್ಬ. ದೊಡ್ಡ ಡಬ್ಬದಲ್ಲಿ ಯಾರ ಗುಂಡಿ ಒತ್ತಿದರೆ ಅವರಿಗೆ ಕಾರ್ಯದರ್ಶಿಗಳ ಕೋಣೆಯ ಮಾತು ಕೇಳುತ್ತದೆ, ಬಿಟ್ಟರೆ ನಿಲ್ಲುತ್ತದೆ. ಶುಕ್ರವಾರ ಪೂಜೆಯಾಯಿತು. ಜರಡಿ ಬಾಯಿಗೆ ಕುಂಕುಮ ಹಚ್ಚಿದ್ದರಿಂದ ಒಂದು ವಾರ ಕಾರ್ಯದರ್ಶಿಗಳ ದನಿ ಗೊಗ್ಗರಾಗಿಯೇ ಬರುತ್ತಿತ್ತು. ಮೊದಲ ಹಲೋ ಕೇಳಿದ ಕೂಡಲೇ ಹೆಡ್ ಗುಮಾಸ್ತರು ಎದ್ದು ನಿಂತು ಡಬ್ಬಕ್ಕೆ ಕೈ ಮುಗಿದರು. ಅಧ್ಯಕ್ಷರು ಭಾಷಣ ಮಾಡಿ, ಇನ್ನು ಮೇಲೆ ನಮ್ಮ ದಫೇದಾರರು ಕಾಲು ಚಾಚಿ ಕೂರಬಹುದು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ದಫೇದಾರರೂ ತಟ್ಟಿದರು. ತಟ್ಟುವಾಗ ಅವರು ನನ್ನ ಕಡೆ ನೋಡಿದ್ದು ನನಗೆ ಇನ್ನೂ ನೆನಪಿದೆ. ಮಳೆ ಮೋಡ ನೋಡುವ ರೈತನ ಹಾಗೆ ನೋಡಿದರು.

ಮರುದಿನವೇ ಡಬ್ಬ ಬಾಯಿ ಬಿಟ್ಟಿತು. ಬದುಕಿದೀಯೇನಯ್ಯಾ ಎಂದು ಅದು ಕೇಳಿದಾಗ ಹೆಡ್ ಗುಮಾಸ್ತರು ಅದು ಬೇರೆ ಯಾರಿಗೋ ಹೇಳಿದ್ದು ಎಂದುಕೊಂಡು ಸುಮ್ಮನಿದ್ದರು. ಎರಡನೆಯ ಸಲ ಅವರ ಹೆಸರು ಹಿಡಿದೇ ಕೇಳಿತು. ಮಧ್ಯಾಹ್ನ ಅವರು ನನ್ನ ಮೇಜಿನ ಹತ್ತಿರ ಬಂದು, ಆರು ವರ್ಷ ದಿನಾ ನನ್ನ ಆರೋಗ್ಯ ವಿಚಾರಿಸುತ್ತಿದ್ದ ಮನುಷ್ಯ, ಈ ಮಿಷನ್ನು ಬಂದು ಹಾಳಾಗಿ ಹೋದರು ನೋಡಮ್ಮ ಎಂದು ನೊಂದುಕೊಂಡರು. ನಾನು ತಲೆ ಬಗ್ಗಿಸಿ ಟೈಪ್ ಮಾಡಿದೆ. ಅದೇ ವಾರ ಕಾರ್ಯದರ್ಶಿಗಳು ಡಿಕ್ಟೇಷನ್ ಕೊಡುತ್ತಾ, ಅಷ್ಟು ವಿನಯವಂತರಾಗಿದ್ದ ಹೆಡ್ ಗುಮಾಸ್ತರಿಗೆ ಮೇಜಿನ ಮೇಲೆ ಡಬ್ಬ ಇಟ್ಟಿದ್ದೇ ತಲೆ ತಿರುಗಿದೆ, ಈಗ ಎದುರುತ್ತರ ಕೊಡುತ್ತಾರೆ ಎಂದರು.

ದಫೇದಾರರು ಸ್ಟೂಲಿನ ಮೇಲೆ ಕೂತೇ ಇದ್ದರು. ಅವರಿಗೆ ಉಳಿದ ಕೆಲಸ ಬೆಳಿಗ್ಗೆ ನಾಲ್ಕೂ ಡಬ್ಬಗಳ ಧೂಳು ಒರೆಸುವುದು. ಎರಡು ಕೋಣೆಯ ಮಾತು ಅವರ ತಲೆ ಮೇಲಿನ ತಂತಿಯಲ್ಲೇ ಹಾದು ಹೋಗುತ್ತಿತ್ತು. ಒಮ್ಮೆ ಅದನ್ನು ನೋಡುತ್ತಾ, "ಮಾತು ಬಿಸಿ ಬಿಸಿ ಹೋಯ್ತದೆ ಕಣಮ್ಮ, ದಾರೀಲಿ ಆರೋಕೆ ಜಾಗಾನೇ ಇಲ್ಲ" ಎಂದರು. ನೀರಿನ ಹೂಜಿ ಸಂಜೆಯಾದರೂ ಖಾಲಿಯಾಗುತ್ತಿರಲಿಲ್ಲ.

ನಾಲ್ಕನೆಯ ತಿಂಗಳಲ್ಲಿ ದೊಡ್ಡ ಅನಾಹುತವಾಯಿತು. ಕಾರ್ಯದರ್ಶಿಗಳು ಗೋಡೌನಿಗೆ ಏನೋ ಹೇಳಿ ಗುಂಡಿ ಬಿಟ್ಟರು. ಗುಂಡಿ ಮೇಲೆ ಬರಲಿಲ್ಲ, ಒಳಗೇ ಕಚ್ಚಿಕೊಂಡಿತು. ಅದು ತಿಳಿಯದೆ ಅವರು ಎದುರಿಗೆ ಕೂತಿದ್ದ ಸ್ನೇಹಿತರೊಬ್ಬರಿಗೆ ತಮ್ಮ ಕಷ್ಟ ಹೇಳಿಕೊಂಡರು. ನಮ್ಮ ಅಧ್ಯಕ್ಷರಿಗೆ ಕೊಬ್ಬರಿಗೂ ಕರಟಕ್ಕೂ ವ್ಯತ್ಯಾಸ ಗೊತ್ತಿಲ್ಲ, ಅಂಥವರ ಕೈಕೆಳಗೆ ನಾನು ಏಗಬೇಕು ಎಂದರು. ಆ ಹೊತ್ತಿಗೆ ಅಧ್ಯಕ್ಷರು ಗೋಡೌನಿನಲ್ಲಿ, ಚೌಳಹಿರಿಯೂರಿನ ನಾಲ್ಕು ಜನ ರೈತರ ಜೊತೆ, ಕೊಬ್ಬರಿ ಮೂಟೆಯ ಮೇಲೇ ಕೂತಿದ್ದರು. ಡಬ್ಬ ಅವರ ಕಿವಿಯಿಂದ ಎರಡು ಮೊಳ ದೂರ. ರೈತರು ನಗಲಿಲ್ಲ. ನಗದೆ ಇರಲು ಅವರು ಪಟ್ಟ ಪಾಡಿನಿಂದಲೇ ಅಧ್ಯಕ್ಷರಿಗೆ ಹೆಚ್ಚು ಅವಮಾನವಾಯಿತಂತೆ. ಅವರು ಯಾರ ಹತ್ತಿರವೂ ಮಾತಾಡದೆ ಎದ್ದು ತರೀಕೆರೆಗೆ ಹೊರಟುಹೋದರು. ಮುಂದಿನ ಕಮಿಟಿ ಮೀಟಿಂಗಿನಲ್ಲಿ ಕಾರ್ಯದರ್ಶಿಗಳನ್ನು ತೆಗೆದುಹಾಕುವ ಠರಾವು ಬರುತ್ತದೆ ಎಂದು ಮರುದಿನ ಸುದ್ದಿ ಬಂತು.

ಕಾರ್ಯದರ್ಶಿಗಳಿಗೆ ಗುಂಡಿಯ ಮೇಲೆ ಅನುಮಾನ ಬರಲಿಲ್ಲ, ಹೆಡ್ ಗುಮಾಸ್ತರ ಮೇಲೆ ಬಂತು. ಅಧ್ಯಕ್ಷರಿಗೆ ಚಾಡಿ ಹೇಳಿದವರು ಇವರೇ ಎಂದು ತೀರ್ಮಾನಿಸಿ, ಇಂಟರ್‌ಕಾಮಿನಲ್ಲಿ, ಆರು ವರ್ಷ ಹಾವಿಗೆ ಹಾಲೆರೆದೆ ಎಂದರು. ಹೆಡ್ ಗುಮಾಸ್ತರು ನನ್ನ ಹತ್ತಿರ ಬಂದು ಒಂದು ಕಾಗದ ಕೊಟ್ಟು, ಮೂರು ಪ್ರತಿ ಟೈಪ್ ಮಾಡಮ್ಮ ಎಂದರು. ಅದು ರಾಜೀನಾಮೆ. ಅವರ ಸರ್ವೀಸು ಮುಗಿಯಲು ಇನ್ನು ಎರಡೇ ವರ್ಷ ಇತ್ತು. ನಾನು ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವೆ ಶಿವನಿಗೆ ಹೋಗಿ ಬರುವಷ್ಟು ಹೊತ್ತು ಮಾಡಿದೆ. ಆದರೂ ಸಂಜೆಯೊಳಗೆ ಮುಗಿದೇ ಹೋಯಿತು. ಮೂರು ತಪ್ಪು ಬಿದ್ದಿದ್ದವು. ಒಂದು ಬೇಕೆಂದೇ ಮಾಡಿದ್ದು, ಎರಡು ತಾವಾಗಿ ಆದವು.

ಮರುದಿನ ಬೆಳಿಗ್ಗೆ ಹೆಡ್ ಗುಮಾಸ್ತರು ಸಹಿ ಮಾಡಿ ಆ ಕಾಗದವನ್ನು ದಫೇದಾರರ ಕೈಗೆ ಕೊಟ್ಟರು. ಇದನ್ನು ದಾರಿಯಲ್ಲಿ ಎಲ್ಲಾದರೂ ಬೀಳಿಸಿಬಿಡಿ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಅವರು ಕಾಗದವನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಹೂಜಿಯ ಹತ್ತಿರ ನಿಲ್ಲದೆ, ನೇರ ಕಾರ್ಯದರ್ಶಿಗಳ ಕೋಣೆಗೆ ನಡೆದರು.

ಆಮೇಲೆ ನಡೆದದ್ದನ್ನು ನಾನು ನೋಡಲಿಲ್ಲ, ಕೇಳಿದೆ. ಕಿವಿಗೊಟ್ಟು ಕದ್ದು ಕೇಳುವ ಕಷ್ಟವೂ ಇರಲಿಲ್ಲ. ನನ್ನ ಮೇಜಿನ ಡಬ್ಬದ ಕೆಂಪು ದೀಪ ಹತ್ತಿತು, ದಫೇದಾರರ ದನಿ ಅದರಿಂದಲೇ ಬಂತು. ಹೆಡ್ ಗುಮಾಸ್ತರ ಕೋಣೆಯಿಂದಲೂ ಅದೇ ದನಿ.

ಕಾಗದ ಕೊಡೋಕೆ ಮುಂಚೆ ನಂದೊಂದು ತಪ್ಪು ಒಪ್ಪಿಸಬೇಕು ಎಂದರು ಅವರು. ಆರು ವರ್ಷದಲ್ಲಿ ತಾವು ಹೇಳಿ ಕಳಿಸಿದ ಒಂದು ಮಾತನ್ನೂ ನಾನು ಇದ್ದ ಹಾಗೆ ತಲುಪಿಸಲಿಲ್ಲ. ಕಾರ್ಯದರ್ಶಿಗಳು, ಹಾಗಂದರೆ ಏನಯ್ಯಾ ಎಂದರು. ದಫೇದಾರರು ಶುರು ಮಾಡಿದರು. ಅವರ ಜ್ಞಾಪಕಶಕ್ತಿ ಅಂಥದ್ದು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಕಾರ್ಯದರ್ಶಿಗಳು ಬೈದದ್ದು, ಅದನ್ನು ತಾವು ತಿದ್ದಿ ಹೇಳಿದ್ದು; ಹೆಡ್ ಗುಮಾಸ್ತರು ತಿರುಗಿ ಬೈದದ್ದು, ಅದನ್ನು ತಿದ್ದಿದ್ದು; ಎಲ್ಲವನ್ನೂ ಹಬ್ಬ ಹುಣ್ಣಿಮೆಗಳ ಗುರುತಿನ ಸಮೇತ ಒಂದೊಂದಾಗಿ ಒಪ್ಪಿಸಿದರು. ಕತ್ತೆ ಎಂದದ್ದು ದುಡಿಮೆಗಾರ ಎಂದಾಗಿತ್ತು. ಕೋಣ ಎಂದದ್ದು ಗಟ್ಟಿ ಮನುಷ್ಯ ಎಂದಾಗಿತ್ತು. ಇವನ ಮುಖ ನೋಡಿದರೆ ಅನ್ನ ಸೇರಲ್ಲ ಎಂದು ಹೆಡ್ ಗುಮಾಸ್ತರು ಒಂದು ಯುಗಾದಿಯ ಮರುದಿನ ಅಂದದ್ದು, ಸಾಹೇಬ್ರು ಊಟ ಮಾಡಿದ್ರಾ ಅಂತ ಕೇಳಿದ್ರು ಎಂದು ತಲುಪಿತ್ತು. ನನಗೆ ನಗುವೂ ಬರುತ್ತಿತ್ತು, ಭಯವೂ ಆಗುತ್ತಿತ್ತು.

ಕೊನೆಗೆ ದಫೇದಾರರು ಹೇಳಿದರು: "ಒಂದು ಮಾತು ಮಾತ್ರ ತಾವು ಹೇಳ್ದಂಗೇ ನಡ್ಕೊಂಡೆ ಸ್ವಾಮಿ. ಹೆಡ್ ಗುಮಾಸ್ತರ ಹೆಂಡ್ರಿಗೆ ಶಿವಮೊಗ್ಗದಲ್ಲಿ ಆಪರೇಷನ್ ಆದಾಗ, ಅವರು ಕೇಳೋಕೆ ಮುಂಚೇನೇ ರಜೆ ಬರ್ದು ಕೊಟ್ರಿ. ನಾನು ಕೊಟ್ಟೆ ಅಂತ ಅವನಿಗೆ ಹೇಳ್ಬೇಡ, ರೂಲ್ಸ್ ಪ್ರಕಾರ ಬಂತು ಅನ್ನು ಅಂದ್ರಿ. ಅದನ್ನ ಇವತ್ತಿನವರೆಗೂ ಹೇಳಿಲ್ಲ. ತಗಳಿ, ಕಾಗದ."

ಹೆಡ್ ಗುಮಾಸ್ತರ ಕೋಣೆಯಲ್ಲಿ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಅವರು ಪಡಸಾಲೆ ದಾಟಿ ನನ್ನ ಮುಂದೆಯೇ ಹಾದುಹೋದರು. ಕೈಯಲ್ಲಿ ಕನ್ನಡಕ, ಕಣ್ಣು ಕೆಂಪು. ಆರು ವರ್ಷದಲ್ಲಿ ಅವರು ಕರೆಯದೆ ಆ ಕೋಣೆಗೆ ಹೋದದ್ದು ಅದೇ ಮೊದಲು. ಡಬ್ಬದಲ್ಲಿ ಕಾಗದ ಸರಿದ ಸದ್ದು ಕೇಳಿತು. ಆಮೇಲೆ ಕಾರ್ಯದರ್ಶಿಗಳು ಕೆಮ್ಮಿ, ಈ ಕಾಗದದಲ್ಲಿ ಮೂರು ತಪ್ಪಿವೆ, ಸರಿಮಾಡಿ ತನ್ನಿ, ತಪ್ಪಿರುವ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ ಎಂದರು. ಹೆಡ್ ಗುಮಾಸ್ತರು ಅದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಸರಿಮಾಡು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊನೆಗೆ ಆ ಕಾಗದ ಟೈಪ್‌ರೈಟರಿನ ಕೆಳಗೆ ಎಣ್ಣೆ ಹೀರಿಕೊಳ್ಳಲು ಉಪಯೋಗವಾಯಿತು.

ಮಧ್ಯಾಹ್ನ ಡಿಕ್ಟೇಷನ್‌ಗೆ ಹೋದಾಗ ದೊಡ್ಡ ಡಬ್ಬವನ್ನು ನೋಡಿದೆ. ಎರಡು ಗುಂಡಿಗಳು ಒಳಗೇ ಇದ್ದವು, ಪ್ರತಿಯೊಂದರ ಸಂದಿಯಲ್ಲೂ ಅಡಿಕೆಯ ಒಂದು ತೆಳು ಹೋಳು. ಯಾರಿಗೂ ಕಾಣದಂತೆ ಉಗುರಿನಿಂದ ಮೀಟಿ ತೆಗೆದೆ. ಆ ಆಫೀಸಿನಲ್ಲಿ ಎಲೆ ಅಡಿಕೆ ಹಾಕುತ್ತಿದ್ದವರು ಒಬ್ಬರೇ. ಕೇಳಿದಾಗ ಅವರು, ಧೂಳು ಒರೆಸೋವಾಗ ಜೇಬಿಂದ ಬಿದ್ದಿರಬೇಕು ಎಂದರು.

ಗೋಡೌನಿನ ಗುಂಡಿ ಕಚ್ಚಿಕೊಂಡ ವಿಷಯ ಆ ಹೊತ್ತಿಗೆ ಎಲ್ಲರಿಗೂ ತಿಳಿದಿತ್ತು, ಅಧ್ಯಕ್ಷರ ಸಿಟ್ಟು ಮಾತ್ರ ಇನ್ನೂ ಉಳಿದಿತ್ತು. ಅದಕ್ಕೆ ಹೆಡ್ ಗುಮಾಸ್ತರು ತಾವೇ ದಫೇದಾರರನ್ನು ಕರೆದುಕೊಂಡು ತರೀಕೆರೆ ಬಸ್ಸು ಹತ್ತಿದರು. ಅಲ್ಲಿ ನಡೆದದ್ದನ್ನು ಹೆಡ್ ಗುಮಾಸ್ತರು ಎಷ್ಟೋ ಸಲ ನಮಗೆ ಅಭಿನಯಿಸಿ ತೋರಿಸಿದ್ದಾರೆ. ಅಧ್ಯಕ್ಷರು ಜಗಲಿಯ ಮೇಲೆ ಮುಖ ತಿರುಗಿಸಿ ಕೂತಿದ್ದರಂತೆ. ದಫೇದಾರರು ಕೆಳಗೆ ನಿಂತು, ಮಿಷನ್ನು ಒಳ್ಳೇದೇ, ಆದರೆ ಉದ್ದ ತಂತಿ, ಗೋಡೌನ್ ಮುಟ್ಟುವ ಹೊತ್ತಿಗೆ ಅರ್ಧ ಮಾತು ಉದುರಿಹೋಗಿದೆ ಎಂದರಂತೆ. ಅಧ್ಯಕ್ಷರಿಗೆ ಕೊಬ್ಬರಿಗೂ ಕರಟಕ್ಕೂ ವ್ಯತ್ಯಾಸ ಗೊತ್ತಿಲ್ಲ, ರೈತ ತಂದದ್ದು ಕರಟವಾದರೂ ಕೊಬ್ಬರಿಯಷ್ಟೇ ಮರ್ಯಾದೆಯಿಂದ ತಗೋತಾರೆ, ಇದು ಪೂರ್ತಿ ಮಾತು. ಅಧ್ಯಕ್ಷರು ಬಹಳ ಹೊತ್ತು ದಫೇದಾರರ ಮುಖ ನೋಡಿದರಂತೆ. ನಂಬಿದರೋ ಇಲ್ಲವೋ ಹೇಳುವುದು ಕಷ್ಟ. ಆದರೆ ನಂಬಿದ ಹಾಗೆ ಕಾಣಲು ಅವರಿಗೂ ಒಂದು ದಾರಿ ಬೇಕಾಗಿತ್ತು. ಕಾಫಿ ಬಂತು. ಠರಾವು ಬರಲಿಲ್ಲ.

ಐದನೆಯ ತಿಂಗಳಲ್ಲಿ ತಂತಿ ತುಂಡಾಯಿತು. ಇಲಿ ಕಡಿದಿದೆ ಎಂದು ದಫೇದಾರರು ವರದಿ ಕೊಟ್ಟರು. ಚಾಕುವಿನಿಂದ ಕೊಯ್ದಷ್ಟು ನೇರವಾಗಿ ಕಡಿಯುವ ಇಲಿಯನ್ನು ಯಾರೂ ವಿಚಾರಣೆಗೆ ಕರೆಯಲಿಲ್ಲ. ಕಾರ್ಯದರ್ಶಿಗಳೇ ಭದ್ರಾವತಿಗೆ ಬರೆಯಬೇಕಾಗಿದ್ದ ಪತ್ರವನ್ನು ಮರೆತರು. ಮತ್ತೆ ಮಾತು ಪಡಸಾಲೆಯಲ್ಲಿ ನಡೆದುಕೊಂಡು ಹೋಗತೊಡಗಿತು. ಬದುಕಿದಾನೋ ಸತ್ತಿದಾನೋ ಎಂಬ ಕೂಗೂ ಮತ್ತೆ ಬಂತು, ಆರೋಗ್ಯ ವಿಚಾರಣೆಯೂ ಬಂತು. ವ್ಯತ್ಯಾಸ ಒಂದೇ. ಈಗ ಮೂವರಿಗೂ ಗೊತ್ತಿತ್ತು. ಗೊತ್ತಿದ್ದೂ ಹೆಡ್ ಗುಮಾಸ್ತರು ಅಷ್ಟೇ ಗಂಭೀರವಾಗಿ, ಈಗ ವಾಸಿ ಎಂದು ಹೇಳಿ ಎನ್ನುತ್ತಿದ್ದರು.

ಎಂಬತ್ತರ ದಶಕದ ನಡುವೆ ಸಂಘಕ್ಕೆ ಹೊಸ ಕಟ್ಟಡವಾಯಿತು. ಹಳೆಯ ಸಾಮಾನನ್ನು ಗುಜರಿಗೆ ಹಾಕುವುದು ಬೇಡ, ಒಂದು ಮ್ಯೂಸಿಯಂ ಇರಲಿ ಎಂದು ಅಧ್ಯಕ್ಷರು ಹಳೆಯ ಆಫೀಸಿನ ಮೂಲೆ ಕೋಣೆಯನ್ನು ಬಿಟ್ಟುಕೊಟ್ಟರು. ಕೆಲಸದ ಕೊನೆಯ ವರ್ಷಗಳಲ್ಲಿದ್ದ ದಫೇದಾರರೇ ಅದರ ಉಸ್ತುವಾರಿ. ಇಂಟರ್‌ಕಾಮ್‌ಗೆ ಗಾಜಿನ ಪೆಟ್ಟಿಗೆ ಮಾಡಿಸಿದ್ದು ಅವರ ಹಟ. ಅದರ ಕೆಳಗೆ ಏನು ಬರೆಯಬೇಕು ಎಂದು ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಟೈಪ್ ಮಾಡಿದೆ: ಇಂಟರ್‌ಕಾಮ್. ಈ ಆಫೀಸಿನಲ್ಲಿ ಐದು ತಿಂಗಳು ಸೇವೆ. ನಡತೆ: ಸತ್ಯವಂತ. ಕೆಲಸದಿಂದ ತೆಗೆಯಲು ಕಾರಣ: ಅದೇ.

ಕಾರ್ಯದರ್ಶಿಗಳು ಅದನ್ನು ಓದಿ ಸಹಿ ಹಾಕಿದರು. ಸ್ಕೂಲು ಮಕ್ಕಳು ನೋಡಲು ಬಂದರೆ ದಫೇದಾರರು ಬಳ್ಳ ಕೊಳಗಗಳನ್ನು ಬೇಗ ಬೇಗ ಮುಗಿಸಿ ಗಾಜಿನ ಮುಂದೆ ನಿಲ್ಲುತ್ತಿದ್ದರು. ಇದರಲ್ಲಿ ಮಾತಾಡಿದರೆ ಯಾರಿಗೆ ಕೇಳುತ್ತದೆ ಎಂದು ಒಂದು ಹುಡುಗಿ ಕೇಳಿದಾಗ, ಯಾರಿಗೆ ಕೇಳಬಾರದೋ ಅವರಿಗೆ ಎಂದು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಅವರು ನಿವೃತ್ತರಾದ ದಿನ ಹಾರ, ಶಾಲು, ಭಾಷಣ ಎಲ್ಲ ಆಯಿತು. ಅವರ ಸರದಿ ಬಂದಾಗ ಎದ್ದು ನಿಂತರು, ಶಾಲು ಸರಿಮಾಡಿಕೊಂಡರು, ಮಾತು ಹೊರಡಲಿಲ್ಲ. ಜೀವಮಾನವೆಲ್ಲ ಬೇರೆಯವರ ಮಾತು ಹೊತ್ತವರು. ಕೊನೆಗೆ, ನಂದು ಅಂತ ಏನೂ ಇಲ್ಲ, ನಾಳೆ ನೆಂಟರ ಮದುವೆಗೆ ಶಿವನಿ ಕಡೆ ಹೋಗ್ತಾ ಇದೀನಿ, ಯಾರಾದರೂ ಏನಾದರೂ ಹೇಳಿ ಕಳಿಸೋದಿದ್ದರೆ ಹೇಳಿ ಎಂದು ಕೂತುಬಿಟ್ಟರು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಆ ಹೊತ್ತಿಗೆ ನಾನು ಶಿವನಿ ಬಿಟ್ಟು ಕಡೂರಿನಲ್ಲೇ ಒಂದು ಕೋಣೆ ಮಾಡಿಕೊಂಡಿದ್ದೆ. ನನ್ನನ್ನು ಕೇಳದೆ ಅಣ್ಣ ಒಂದು ಮನೆಯವರಿಗೆ ಮಾತು ಕೊಟ್ಟಿದ್ದ. ನೋಡಲು ಬಂದವರ ಎದುರಿಗೇ ನಾನು ಒಲ್ಲೆ ಎಂದಿದ್ದೆ. ಅವನು ಆಡಬಾರದ್ದು ಆಡಿದ, ನಾನೂ ಆಡಿದೆ. ಎರಡು ವರ್ಷದಿಂದ ಮಾತಿರಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ದಫೇದಾರರ ಹತ್ತಿರ ಹೋಗಿ, ಶಿವನಿಯಲ್ಲಿ ನಮ್ಮಣ್ಣನಿಗೆ ಒಂದು ಮಾತು ಹೇಳಬೇಕು ಎಂದೆ. ಅವನು ಬಂದು ತಪ್ಪಾಯಿತು ಅನ್ನುವವರೆಗೂ ನಾನು ಆ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಹೇಳಿ. ಇದ್ದದ್ದು ಇದ್ದ ಹಾಗೇ ಹೇಳಿ.

ಅವರು ನನ್ನ ಮಾತನ್ನು ಒಂದಕ್ಷರ ಬಿಡದೆ ತಿರುಗಿ ಒಪ್ಪಿಸಿ, "ಇಷ್ಟೇನಾ?" ಎಂದರು. ಇಷ್ಟೇ ಎಂದೆ. ಆಗಲಿ ಎಂದು ಹಾರವನ್ನು ಚೀಲಕ್ಕೆ ಹಾಕಿಕೊಂಡು ಹೊರಟರು.

ಮುಂದಿನ ಭಾನುವಾರ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ತೆಗೆದರೆ ಅಣ್ಣ. ಹೆಗಲ ಮೇಲೆ ಅರ್ಧ ಮೂಟೆ ಈರುಳ್ಳಿ. ಒಳಗೆ ಬಂದು ಮೂಟೆ ಇಳಿಸಿ ಗೋಡೆಗೆ ಒರಗಿ ಕೂತ. ನಾನು ಕಾಫಿ ಮಾಡಿ ಕೊಟ್ಟೆ. ಅವನು ಲೋಟವನ್ನು ಹಿಡಿದುಕೊಂಡೇ ಇದ್ದ, ಕುಡಿಯಲಿಲ್ಲ. ಅವನ ಕಣ್ಣು ತುಂಬಿದ್ದವು.

"ಅಷ್ಟು ದೊಡ್ಡ ಮಾತು ಹೇಳಿ ಕಳಿಸೋದಾ ಕಣೇ? ನಾನೇ ಬಂದು ಹೇಳಬೇಕಾಗಿತ್ತು ಅದನ್ನ" ಎಂದ.

ಯಾವ ಮಾತು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಹೌದು ಎಂಬಂತೆ ತಲೆ ಆಡಿಸಿದೆ. ಆ ದಿನ ಸಂಜೆ ಅವನ ಜೊತೆಯಲ್ಲೇ ರೈಲು ಹತ್ತಿ ಶಿವನಿಗೆ ಹೋದೆ.

ಆಮೇಲೆ ದಫೇದಾರರನ್ನು ಅವರ ಊರಿಗೇ ಹುಡುಕಿಕೊಂಡು ಹೋಗಿ ಕೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ, ವಯಸ್ಸಾಯ್ತು ಕಣಮ್ಮ, ಮರ್ತೋಯ್ತು ಎಂದರು. ಕೆಲವು ವರ್ಷಗಳ ನಂತರ ಅವರು ತೀರಿಕೊಂಡರು. ಈಗ ಅಣ್ಣನೂ ಇಲ್ಲ. ಅವತ್ತು ನಾನು ಅಣ್ಣನಿಗೆ ಏನು ಹೇಳಿ ಕಳಿಸಿದ್ದೆ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.